ಕುದುರೆ ಬರೋದು ತಡವಾಯ್ತು!

1871, ಮಾರ್ಚ್ 18. ಪ್ಯಾರಿಸ್‌ನ ಮೋಂಮಾರ್ತ್ರ್ ಗುಡ್ಡ. ಫಿರಂಗಿ ಎತ್ತೊಯ್ಯೋಕೆ ನಸುಕಿನಲ್ಲೇ ಸರ್ಕಾರದ ಸೈನಿಕರು ಬಂದ್ರು. ಆದ್ರೆ ಎಳೆಯೋ ಕುದುರೆಗಳೇ ಬಂದಿಲ್ಲ! ಅಷ್ಟರಲ್ಲಿ ಊರು ಎದ್ದಿತ್ತು. ಹೆಂಗಸರು ಅಡ್ಡ ನಿಂತ್ರು. ‘ಗುಂಡು ಹಾರಿಸಿ’ ಅಂದ್ರೆ ಸೈನಿಕರೇ ಜನರ ಕಡೆ ಸೇರಿಬಿಟ್ರು.

ಆ ಫಿರಂಗಿಗಳಿಗೆ ಚಂದಾ ಎತ್ತಿದವರು ಈ ಜನರೇ. ಪ್ರಷ್ಯಾ ಪ್ಯಾರಿಸ್‌ಗೆ ಹಾಕಿದ್ದ ಮುತ್ತಿಗೆಯಲ್ಲಿ ಇಲಿ ತಿಂದು ಬದುಕಿದವರು.

ಸರ್ಕಾರ ವರ್ಸೇಲ್ಸ್‌ಗೆ ಓಡ್ತು. ನಗರ ಆಳಿದ್ದು ಜನರೇ ಆರಿಸಿದ ಆಡಳಿತ, ಪ್ಯಾರಿಸ್ ಕಮ್ಯೂನ್. ಬ್ರೆಡ್ ಸುಡೋ ಕೆಲಸಗಾರರ ರಾತ್ರಿಪಾಳಿಯನ್ನೇ ಅದು ರದ್ದು ಮಾಡ್ತು. ನನಗಂತೂ ಬಹಳ ಇಷ್ಟದ ಕಾನೂನು.

ಮೇ 21, ಭಾನುವಾರ. ಕಾವಲಿಲ್ಲದ ಕಡೆಯಿಂದ ವರ್ಸೇಲ್ಸ್ ಸರ್ಕಾರದ ಮುಖ್ಯಸ್ಥ ಥಿಯೇರ್‌ನ ಸೇನೆ ಒಳನುಗ್ಗಿತು. ಒಂದೇ ವಾರ. ಸತ್ತವರು ಸಾವಿರಾರು. ಪೆರ್ ಲಾಷೇಸ್ ಸ್ಮಶಾನದಲ್ಲಿ 147 ಜನರನ್ನ ಗೋಡೆಗೆ ನಿಲ್ಲಿಸಿ ಗುಂಡಿಕ್ಕಿದ್ರು.

ಆ ಗೋಡೆ ಇವತ್ತಿಗೂ ಅಲ್ಲೇ ಇದೆ.