ಎರಡು ದಿನ ತಡವಾದರೆ ದಂಡವೇ?

ಪ್ರಶ್ನೆ: ಕಾರ್ಡ್ ಬಿಲ್ ಎರಡು ದಿನ ತಡವಾಗಿ ಕಟ್ಟಿದ್ದಕ್ಕೆ ದಂಡ ಹಾಕಿದ್ದಾರೆ. ಕೊಡಲ್ಲ ಅಂದರೆ ವಸೂಲಿಯವರು ರಾತ್ರಿ ಒಂಬತ್ತಕ್ಕೂ ಫೋನ್ ಮಾಡುತ್ತಾರೆ. ಏನು ಮಾಡಲಿ?

ಉತ್ತರ: ಫೋನಿನಲ್ಲಿ ವಾದ ಬೇಡ, ದಂಡ ತೆಗೆಯುವ ಅಧಿಕಾರ ವಸೂಲಿಯವರಿಗಿಲ್ಲ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ, ಗಡುವು ದಾಟಿ ಮೂರು ದಿನ ಮೀರಿದರಷ್ಟೇ ದಂಡ. ಅದೂ ಉಳಿದ ಬಾಕಿಯ ಮೇಲೆ, ಪೂರ್ತಿ ಬಿಲ್ಲಿನ ಮೇಲಲ್ಲ. ಬಡ್ಡಿಯ ಲೆಕ್ಕ ಬೇರೆ. ಸ್ಟೇಟ್‌ಮೆಂಟಿನಲ್ಲಿ ‘ಲೇಟ್ ಪೇಮೆಂಟ್ ಫೀ’ ಸಾಲು ಹುಡುಕಿ. ಅದರ ಮೇಲೆ ಜಿಎಸ್‌ಟಿಯನ್ನೂ ಹಾಕಿರುತ್ತಾರೆ, ಎಷ್ಟೋ ಜನ ಅದನ್ನು ಮರೆಯುತ್ತಾರೆ. ಎರಡನ್ನೂ ವಾಪಸ್ ಕೇಳಿ ಬ್ಯಾಂಕಿಗೆ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಿ, ಶುಲ್ಕವಿಲ್ಲ. ವಸೂಲಿ ಕರೆಗೆ ಬೆಳಿಗ್ಗೆ 8ರಿಂದ ಸಂಜೆ 7ರ ಗಡಿಯಿದೆ. ರಾತ್ರಿ ಕರೆಗಳ ಸ್ಕ್ರೀನ್‌ಶಾಟ್ ಲಗತ್ತಿಸಿ.