ಮಳೆಗಾಲದಲ್ಲಿ ಮುಂಬಯಿಯ ಸೈಕಲ್ಲು

ಮಂಜು ಬೀಳುವ ದೇಶಗಳಲ್ಲಿ ಸೈಕಲ್ ತುಳಿಯುವವರಿಗೆ ಚಳಿಗಾಲ ಹೇಗೋ ಮುಂಬಯಿಯಲ್ಲಿ ತುಳಿಯುವವರಿಗೆ ಮಳೆಗಾಲ ಹಾಗೆ. ನಮ್ಮ ಈ ನಗರದ ಚಳಿಯನ್ನು ಚಳಿಯೆಂದು ಕರೆಯಲು ಬೆಳಗಾವಿಯವರು ಕೂಡ ಒಪ್ಪಲಾರರು. 1962ರ ಜನವರಿ 22ರಂದು ಸಾಂತಾಕ್ರೂಜಿನಲ್ಲಿ ಉಷ್ಣತೆ 7.4 ಡಿಗ್ರಿಗೆ ಇಳಿದದ್ದೇ ಇಲ್ಲಿಯ ದೊಡ್ಡ ಚಳಿ. ಡಿಸೆಂಬರು, ಜನವರಿಗಳು ಸೈಕಲ್ಲಿಗೆ ಸುಖದ ಕಾಲ. ಪರೀಕ್ಷೆಯ ಕಾಲ ಮೃಗಶಿರೆಯೊಂದಿಗೆ ಬರುತ್ತದೆ. ವಾಡಿಕೆಯಂತೆ ಜೂನ್ 11ರ ಸುಮಾರಿಗೆ ಕಾಲಿಟ್ಟ ಮುಂಗಾರು, ಹಸ್ತ ಮಳೆ ಮುಗಿಯುವ ಹೊತ್ತಿಗೆ, ಎಂದರೆ ಅಕ್ಟೋಬರ್ 8ರ ಸುಮಾರಿಗೆ ಹಿಂದಿರುಗುತ್ತದೆ. ಈ ನಾಲ್ಕು ತಿಂಗಳಲ್ಲಿ ಉಪನಗರಗಳಲ್ಲಿ ಬೀಳುವ ಮಳೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು. ಜುಲೈ ಒಂದೇ ತಿಂಗಳಿನ ಪಾಲು ಸುಮಾರು ಒಂಬೈನೂರು.

ನಮ್ಮಲ್ಲಿ ಅನೇಕರು ಮೇ ತಿಂಗಳ ಕೊನೆಗೆ ಸೈಕಲ್ಲನ್ನು ಒರಸಿ ಮೂಲೆಗೆ ನಿಲ್ಲಿಸುತ್ತಾರೆ. ಗಣಪತಿ ಹಬ್ಬ ಕಳೆದ ಮೇಲೆ ನೋಡಿದರೆ ಚೈನು ತುಕ್ಕು ಹಿಡಿದು ಬಿಗಿದುಕೊಂಡಿರುತ್ತದೆ. ಹಾಗೆ ನಿಲ್ಲಿಸುವ ಸೌಕರ್ಯ ಎಲ್ಲರಿಗೂ ಇಲ್ಲವೆಂಬುದು ಬೇರೆ ಮಾತು. ನಸುಕಿನಲ್ಲಿ ಪಾವ್ ಹಂಚುವವನು, ಹಾಲಿನವನು, ಇಡ್ಲಿಯ ಪಾತ್ರೆ ಕಟ್ಟಿಕೊಂಡು ಹಾರ್ನು ಒತ್ತುತ್ತ ಬರುವವನು, ಮೊದಲ ಲೋಕಲ್ ಗಾಡಿಗೂ ಮುಂಚೆ ಒಲೆ ಹೊತ್ತಿಸಬೇಕಾದ ಹೋಟೆಲಿನ ಹುಡುಗ, ಕಟ್ಟಡದ ಕೆಲಸಕ್ಕೆ ಹೊರಟ ಕಲಬುರ್ಗಿ, ಯಾದಗಿರಿಗಳ ಕೂಲಿಕಾರ, ಇವರಿಗೆ ಜುಲೈಯಲ್ಲೂ ಹೊಟ್ಟೆಯಿದೆ. ಮುಂಬಯಿಯ ಡಬ್ಬಾವಾಲಾಗಳು 1890ರಿಂದ ಊಟದ ಡಬ್ಬಿ ಹೊತ್ತವರು. 2020ರ ಲಾಕ್‌ಡೌನಿನ ನಂತರ ಅವರ ಸಂಖ್ಯೆ ಬಹಳ ಇಳಿದಿದೆಯಾದರೂ, ಉಳಿದವರು ಇಂದಿಗೂ ಮಳೆಯಲ್ಲಿ ಸೈಕಲ್ಲು ತುಳಿಯುವುದನ್ನು ನಿಲ್ಲಿಸಿಲ್ಲ. ಡೊಂಬಿವಲಿ, ವಸಯಿ, ಮೀರಾ ರೋಡುಗಳಂಥ ಕಡೆ ಮನೆಯಿಂದ ಸ್ಟೇಷನ್ನಿಗೆ ಸೈಕಲ್ಲಿನಲ್ಲಿ ಹೋಗಿ ಸ್ಟ್ಯಾಂಡಿನಲ್ಲಿಟ್ಟು ರೈಲು ಹತ್ತುವವರೂ ಇದ್ದಾರೆ. ನಾವೂ ಈ ಕೊನೆಯ ಪಂಗಡದವರು. ಹಲವು ಮಳೆಗಾಲಗಳನ್ನು ಸೈಕಲ್ಲಿನ ಮೇಲೆ ಕಳೆದ ಅನುಭವದಿಂದ ನಾಲ್ಕು ಮಾತು ಹೇಳಬಯಸುತ್ತೇವೆ.

ನಿಲ್ಲಿಸುವುದು ಮಳೆಯೇ?

ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಗಳಿಂದ ಬಂದವರು ಮುಂಬಯಿಯ ಮಳೆಯನ್ನು ಕಂಡು ನಗುವುದುಂಟು. ಊರಿನಲ್ಲಿ ಇದಕ್ಕಿಂತ ಹೆಚ್ಚು ಸುರಿಯುತ್ತದೆ, ಶಾಲೆಗೆ ಹೋಗುವುದನ್ನು ನಾವು ಬಿಟ್ಟೆವೇ ಎನ್ನುತ್ತಾರೆ. ಮಾತು ನಿಜ. ಆದರೆ ಊರಿನ ಮಳೆ ಗುಡ್ಡದಿಂದ ಇಳಿದು ತೋಡಿಗೆ, ತೋಡಿನಿಂದ ಹೊಳೆಗೆ ಹೋಗುತ್ತದೆ. ಇಲ್ಲಿಯ ಮಳೆಗೆ ಹೋಗಲು ದಾರಿಯಿಲ್ಲ. ಏಳು ದ್ವೀಪಗಳ ನಡುವಣ ತಗ್ಗನ್ನು ಮಣ್ಣು ತುಂಬಿ ಮಾಡಿದ ನಗರವಿದು. ಹಳೆಯ ಚರಂಡಿಗಳು ತಾಸಿಗೆ 25 ಮಿಲಿಮೀಟರ್ ಮಳೆಯನ್ನು ಸಾಗಿಸಬಲ್ಲವು, ಅದೂ ಸಮುದ್ರ ಇಳಿತದಲ್ಲಿದ್ದರೆ. 1993ರ ಬ್ರಿಮ್‌ಸ್ಟೋವಾಡ್ ವರದಿ ಇದನ್ನು 50ಕ್ಕೆ ಏರಿಸಬೇಕೆಂದಿತು. ಆ ಕೆಲಸಕ್ಕೆ ಚುರುಕು ಬಂದದ್ದು 2005ರ ನಂತರ. ಉಬ್ಬರದ ಹೊತ್ತಿನಲ್ಲಿ ಕಡಲಿನ ಮಟ್ಟ ಚರಂಡಿಯ ಬಾಯಿಗಿಂತ ಮೇಲೇರಿ ನೀರು ಒಳಗೇ ನಿಲ್ಲುತ್ತದೆ. ದಾದರಿನ ಹಿಂದ್‌ಮಾತಾ, ಮಾಟುಂಗದ ಕಿಂಗ್ಸ್ ಸರ್ಕಲ್, ಸಾಯನ್, ಅಂಧೇರಿಯ ಸಬ್‌ವೇ, ಸಾಂತಾಕ್ರೂಜಿನ ಮಿಲನ್ ಸಬ್‌ವೇ, ಈ ಹೆಸರುಗಳು ಪ್ರತಿ ಜುಲೈಯಲ್ಲೂ ಪತ್ರಿಕೆಯಲ್ಲಿ ಕಾಣುವುದಕ್ಕೆ ಕಾರಣ ಇದೇ.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ತಾಸಿನಲ್ಲಿ 944 ಮಿಲಿಮೀಟರ್ ಮಳೆಯಾಯಿತು. ವಿಜಯಪುರದವರಿಗೆ ಇದರ ಅರ್ಥ ಬೇಗ ಆದೀತು: ಅವರ ಊರಿಗೆ ವರ್ಷವಿಡೀ ಬೀಳುವುದು ಸುಮಾರು 600. ಆದರೆ ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು 73 ಮಿಲಿಮೀಟರ್ ಮಾತ್ರ! ಮುಂಬಯಿ ಉದ್ದವಾದ ಊರು. ಒಂದು ತುದಿಯ ಆಕಾಶ ಇನ್ನೊಂದು ತುದಿಯ ಸುದ್ದಿ ಹೇಳುವುದಿಲ್ಲ. ಆದುದರಿಂದ ಮಳೆಗಾಲದಲ್ಲಿ ಸೈಕಲ್ಲು ಹೊರತೆಗೆಯುವ ಮುನ್ನ ಮೂರು ಸಂಗತಿ ನೋಡಬೇಕು: ಹವಾಮಾನ ಇಲಾಖೆಯ ಮುನ್ಸೂಚನೆ, ಹೋಗುವ ಕಡೆಯ ಆಕಾಶ, ಅಂದಿನ ಉಬ್ಬರದ ಹೊತ್ತು. ನಾಲ್ಕೂವರೆ ಮೀಟರಿಗಿಂತ ಎತ್ತರದ ಉಬ್ಬರ ಬರುವ ದಿನಗಳ ಪಟ್ಟಿಯನ್ನು ಮಹಾನಗರಪಾಲಿಕೆ ಮಳೆಗಾಲಕ್ಕೆ ಮುಂಚೆಯೇ ಪ್ರಕಟಿಸುತ್ತದೆ. ನಾವು ಅದನ್ನು ಕತ್ತರಿಸಿ ಅಡಿಗೆಮನೆಯ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿಡುತ್ತೇವೆ. ಏಕಾದಶಿ, ಸಂಕಷ್ಟಿಗಳ ಜೊತೆಗೆ ಉಬ್ಬರದ ತಿಥಿಯನ್ನೂ ನೋಡಿಕೊಳ್ಳುವುದು ಈಗ ಮನೆಯವರಿಗೆ ಅಭ್ಯಾಸವಾಗಿದೆ.

ಸೈಕಲ್ಲಿನ ಆರೈಕೆ

ಮೃಗಶಿರೆಗೆ ಮುಂಚೆ ಸೈಕಲ್ಲನ್ನು ಒಮ್ಮೆ ರಿಪೇರಿಯವನ ಬಳಿ ಓವರಾಯಿಲ್ ಮಾಡಿಸುವುದು ಮೊದಲ ಕೆಲಸ. ಗಾಲಿಯ ಹಬ್ಬಿನಲ್ಲಿ, ಪೆಡಲಿನ ಅಚ್ಚಿನಲ್ಲಿ ಇರುವ ಚಿಕ್ಕ ಉಕ್ಕಿನ ಗುಂಡುಗಳಿಗೆ ಹೊಸ ಗ್ರೀಸು ತುಂಬಿದರೆ ನೀರು ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಮಳೆಯಲ್ಲಿ ನೆನೆದು ಬಂದ ಸೈಕಲ್ಲನ್ನು ಹಳೆಯ ಪಂಚೆಯಿಂದ ಒರಸಿ ಚೈನಿಗೆ ನಾಲ್ಕು ಹನಿ ಎಣ್ಣೆ ಬಿಡಬೇಕು. ಹೆಚ್ಚು ಬಿಟ್ಟರೆ ಅದಕ್ಕೆ ಮರಳು ಅಂಟಿ ಚೈನು ಸವೆಯುತ್ತದೆ. ಕಡಲ ಗಾಳಿಯ ಉಪ್ಪು ಬೇರೆ ಇರುವುದರಿಂದ ಈ ಐದು ನಿಮಿಷದ ಕೆಲಸವನ್ನು ನಾಳೆಗೆ ಹಾಕಬಾರದು. ಒದ್ದೆ ಸೈಕಲ್ಲಿಗೆ ಪ್ಲಾಸ್ಟಿಕ್ ಹೊದಿಸಿಟ್ಟರೆ ತೇವ ಒಳಗೇ ಉಳಿದು ತುಕ್ಕು ಇನ್ನೂ ಬೇಗ ಹಿಡಿಯುತ್ತದೆ; ಗಾಳಿಯಾಡುವ ಕಡೆ ನಿಲ್ಲಿಸುವುದು ಲೇಸು. ಸೀಟಿಗೆ ಮಾತ್ರ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿದರೆ ಸಾಕು.

ಇನ್ನು ಬ್ರೇಕು. ಹಳೆಯ ಮಾದರಿಯ ಉಕ್ಕಿನ ರಿಮ್ಮು ಒದ್ದೆಯಾಯಿತೆಂದರೆ ಬ್ರೇಕು ಹೇಳಿದ ಮಾತು ಕೇಳುವುದಿಲ್ಲ. ಮೊದಲು ಹಗುರಾಗಿ ಒತ್ತಿ ರಿಮ್ಮಿನ ನೀರನ್ನು ಒರಸಿಕೊಂಡು, ಅನಂತರ ಬಲವಾಗಿ ಹಿಡಿಯಬೇಕು. ಒಣ ರಸ್ತೆಯಲ್ಲಿ ಬ್ರೇಕು ಹಿಡಿಯುವ ಜಾಗಕ್ಕಿಂತ ಬಹಳ ಹಿಂದೆಯೇ ಈ ಕೆಲಸ ಶುರುವಾಗಬೇಕು. ಬ್ರೇಕಿನ ರಬ್ಬರಿನಲ್ಲಿ ಮರಳು ಕೂತರೆ ಅದು ಅರದಂತೆ ರಿಮ್ಮನ್ನು ತಿನ್ನುತ್ತದೆ. ವಾರಕ್ಕೊಮ್ಮೆ ನೋಡಿ ತೆಗೆಯಬೇಕು. ಅಲ್ಯೂಮಿನಿಯಂ ರಿಮ್ಮು, ಡಿಸ್ಕ್ ಬ್ರೇಕುಗಳಿರುವ ಈಗಿನ ಸೈಕಲ್ಲುಗಳಲ್ಲಿ ಈ ತೊಂದರೆ ಕಡಿಮೆ. ಟೈರಿಗೆ ತಗಲಿಕೊಂಡು ತಿರುಗುವ ಡೈನಮೋ ಒದ್ದೆಯಲ್ಲಿ ಜಾರಿ ದೀಪ ಮಂಕಾಗುವುದರಿಂದ ಬ್ಯಾಟರಿಯ ದೀಪವೇ ಒಳ್ಳೆಯದು, ಅದೂ ಹಿಂದೆ ಒಂದು, ಮುಂದೆ ಒಂದು. ಮಳೆಯಲ್ಲಿ ಹಗಲಿನಲ್ಲೂ ದೀಪ ಬೇಕು. ಮೋಟಾರಿನವನ ಗಾಜಿನ ಮೇಲೂ ಮಳೆ ಸುರಿಯುತ್ತಿರುತ್ತದಲ್ಲವೇ?

ಮಳೆಗಾಲದಲ್ಲಿ ಪಂಕ್ಚರು ಹೆಚ್ಚು. ಗಾಜಿನ ಚೂರು ನೀರಿನೊಂದಿಗೆ ರಸ್ತೆಗೆ ಬರುತ್ತದೆ, ಒದ್ದೆ ರಬ್ಬರನ್ನು ಅದು ಸುಲಭವಾಗಿ ಕೊಯ್ಯುತ್ತದೆ. ಒದ್ದೆ ಟ್ಯೂಬಿಗೆ ಸೊಲ್ಯೂಶನ್ ಅಂಟುವುದೂ ಇಲ್ಲ. ಒಣ ಟ್ಯೂಬೊಂದನ್ನು ಚೀಲದಲ್ಲಿಟ್ಟುಕೊಂಡರೆ ಅರ್ಧ ದಾರಿಯ ಪೇಚಾಟ ತಪ್ಪುತ್ತದೆ.

ಉಡುಪಿನ ವಿಷಯದಲ್ಲಿ ನಮ್ಮ ಹಿರಿಯರಿಂದ ಕಲಿಯುವುದಿದೆ. ಗದ್ದೆಯಲ್ಲಿ ನಾಟಿ ಮಾಡುವವರು ಗೊರಬೆ ಹೊದ್ದುಕೊಳ್ಳುತ್ತಿದ್ದರು. ಬಗ್ಗಿದ ಬೆನ್ನು ನೆನೆಯುವುದಿಲ್ಲ, ಎರಡು ಕೈಯೂ ಕೆಲಸಕ್ಕೆ ಬಿಡುವು. ಸೈಕಲ್ಲಿನವನಿಗೆ ಬೇಕಾದದ್ದೂ ಇದೇ. ಒಂದು ಕೈಯಲ್ಲಿ ಕೊಡೆ ಹಿಡಿದು ತುಳಿಯುವುದು ಗಾಳಿಗೆ ಆಹ್ವಾನ ಕೊಟ್ಟಂತೆ. ಹಳದಿ ಬಣ್ಣದ ರೇನ್‌ಕೋಟು ಕಪ್ಪಿನದಕ್ಕಿಂತ ದೂರಕ್ಕೆ ಕಾಣುತ್ತದೆ. ಆಫೀಸಿನ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋಗಿ ಅಲ್ಲಿ ಬದಲಿಸಿದರೆ ಮಳೆಯ ಅರ್ಧ ಭಯ ಹೋದಂತೆ. ಮೈ ನೆನೆದರೆ ಒಣಗುತ್ತದೆ.

ರಸ್ತೆಯ ಗುಣ

ಮೊದಲ ಮಳೆಯ ದಿನ ಎಲ್ಲಕ್ಕಿಂತ ಅಪಾಯದ್ದು. ಎಂಟು ತಿಂಗಳು ರಸ್ತೆಗೆ ಹತ್ತಿದ್ದ ಎಣ್ಣೆ, ಧೂಳು ನೀರಿನಲ್ಲಿ ಎದ್ದು ಸಾಬೂನಿನಂತಾಗುತ್ತವೆ. ಮ್ಯಾನ್‌ಹೋಲಿನ ಮುಚ್ಚಳ, ಕಾಮಗಾರಿಗೆ ಹಾಸಿದ ಕಬ್ಬಿಣದ ತಗಡು, ಬಿಳಿ ಬಣ್ಣದ ಪಟ್ಟೆ, ಪಾಚಿ ಹಿಡಿದ ಪೇವರ್ ಬ್ಲಾಕು, ಇವುಗಳ ಮೇಲೆ ಹ್ಯಾಂಡಲು ತಿರುಗಿಸಬಾರದು, ಬ್ರೇಕು ಹಿಡಿಯಬಾರದು, ನೆಟ್ಟಗೆ ದಾಟಬೇಕು. ಹೊಂಡದಲ್ಲಿ ನೀರು ನಿಂತರೆ ಬೊಗಸೆ ಆಳವೋ ಮೊಳ ಆಳವೋ ತಿಳಿಯದು. ಮುಂದೆ ಹೋದ ಗಾಡಿಯ ಚಕ್ರ ಎಲ್ಲಿ ಇಳಿಯಿತೆಂದು ನೋಡಿಕೊಂಡು ಹೋಗುವುದು ಬುದ್ಧಿವಂತಿಕೆ.

ಆದರೆ ತುಳಿಯುವುದನ್ನು ಕಲಿತಷ್ಟೇ ಇಳಿಯುವುದನ್ನೂ ಕಲಿಯಬೇಕು. ನಮ್ಮ ಮನೆಯಲ್ಲಿ ಒಂದು ಕಟ್ಟಳೆಯಿದೆ. ನೀರಿನಡಿ ರಸ್ತೆ ಕಾಣದಿದ್ದರೆ ಸೈಕಲ್ಲಿನಿಂದ ಇಳಿಯುವುದು. ನೀರು ಪೆಡಲಿನ ಎತ್ತರಕ್ಕೆ ಬಂದಿದ್ದರೆ ಹಿಂದಿರುಗುವುದು. ಕಾಲೇಜಿಗೆ ಹೋಗುವ ಮಗ, "ಎಲ್ಲರೂ ಹೋಗುತ್ತಿದ್ದಾರಲ್ಲ ಅಪ್ಪ" ಎಂದರೆ ಅವನ ಅಜ್ಜಿ, "ಎಲ್ಲರ ಮನೆಯಲ್ಲೂ ಅಜ್ಜಿ ಇರುವುದಿಲ್ಲ ಮಗಾ, ನೀನು ವಾಪಸು ಬಾ" ಎನ್ನುತ್ತಾರೆ. ಇದು ಪುಕ್ಕಲುತನವಲ್ಲ. 2017ರ ಆಗಸ್ಟ್ 29ರ ಮಳೆಯಲ್ಲಿ ಎಲ್ಫಿನ್‌ಸ್ಟನ್ ರಸ್ತೆಯ ಬಳಿ ನೀರಿನಲ್ಲಿ ನಡೆದು ಮನೆಗೆ ಹೊರಟಿದ್ದ ನಗರದ ಹೆಸರಾಂತ ವೈದ್ಯರೊಬ್ಬರು ತೆರೆದ ಮ್ಯಾನ್‌ಹೋಲಿಗೆ ಬಿದ್ದು ತೀರಿಕೊಂಡರು. ನಿಂತ ನೀರಿನಲ್ಲಿ ವಿದ್ಯುತ್ತಿನ ತಂತಿ ಬಿದ್ದಿರಬಹುದು. ಇಲಿಯ ಮೂತ್ರ ಸೇರಿದ ನೀರು ಕಾಲಿನ ಗಾಯಕ್ಕೆ ತಗಲಿದರೆ ಇಲಿಜ್ವರ ಬರಬಹುದು. ಅಂಥ ನೀರಿನಲ್ಲಿ ನಡೆದವರು ಮನೆಗೆ ಬಂದೊಡನೆ ಸಾಬೂನಿನಿಂದ ಕಾಲು ತೊಳೆದು, 72 ತಾಸಿನೊಳಗೆ ವೈದ್ಯರನ್ನು ಕಂಡು ಅವರು ಹೇಳಿದ ಔಷಧಿ ತೆಗೆದುಕೊಳ್ಳಬೇಕೆಂದು ಪಾಲಿಕೆಯೇ ಹೇಳುತ್ತದೆ.

ಮಂಜಿನ ದೇಶದ ಪಾಠ

ಮಂಜಿನ ದೇಶದವರು ಏನು ಮಾಡುತ್ತಾರೆಂದು ಈಗ ನೋಡೋಣ. ಫಿನ್‌ಲೆಂಡಿನಲ್ಲಿ ಊಲು ಎಂಬ ಊರಿದೆ. ಉತ್ತರ ಧ್ರುವವೃತ್ತಕ್ಕೆ ಇನ್ನೂರು ಕಿಲೋಮೀಟರಿಗಿಂತ ಹತ್ತಿರ. ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲೂ ಅಲ್ಲಿಯ ಮಕ್ಕಳು ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಾರೆ. 2013ರಲ್ಲಿ ಚಳಿಗಾಲದ ಸೈಕಲ್ ಸವಾರಿಯ ಬಗ್ಗೆ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದೂ ಅಲ್ಲಿಯೇ. ಹಿಮಗಟ್ಟಿದ ರಸ್ತೆಯಲ್ಲಿ ಜಾರದಂತೆ ಉಕ್ಕಿನ ಮೊಳೆ ಕೂಡಿಸಿದ ಟೈರುಗಳು ಅವರಲ್ಲಿವೆ. ಆದರೆ ಗುಟ್ಟು ಟೈರಿನಲ್ಲಿಲ್ಲ. ರಾತ್ರಿ ಮಂಜು ಬಿದ್ದರೆ ಬೆಳಿಗ್ಗೆ ಜನ ಏಳುವ ಮುಂಚೆ ಸೈಕಲ್ಲಿನ ದಾರಿಯನ್ನು ಸ್ವಚ್ಛ ಮಾಡಿರುತ್ತಾರೆ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲೂ ಮುಖ್ಯ ಸೈಕಲ್ ದಾರಿಗಳ ಮಂಜು ತೆಗೆಯುವುದಕ್ಕೇ ಮೊದಲ ಸ್ಥಾನ. ಸೈಕಲ್ಲನ್ನು ಹವೆ ನಿಲ್ಲಿಸುವುದಿಲ್ಲ, ರಸ್ತೆ ನಿಲ್ಲಿಸುತ್ತದೆ ಎಂಬುದೇ ಇದರ ತಾತ್ಪರ್ಯ.

ಮುಂಬಯಿಗೆ ಸೈಕಲ್ಲಿನ ಧೈರ್ಯ ಹೊಸದಲ್ಲ. 1923ರ ಅಕ್ಟೋಬರಿನಲ್ಲಿ ಈ ನಗರದಿಂದ ಪಾರ್ಸಿ ತರುಣರ ತಂಡವೊಂದು ಸೈಕಲ್ಲಿನಲ್ಲಿ ಲೋಕ ಸುತ್ತಲು ಹೊರಟಿತು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭುಮ್‌ಗರಾ ಎಂಬ ಮೂವರು 71,000 ಕಿಲೋಮೀಟರ್ ತುಳಿದು 1928ರಲ್ಲಿ ಹಿಂದಿರುಗಿದರು. ಅಂಥ ನಗರದಲ್ಲಿ ಇಂದು ಬಾಂದ್ರಾ-ವರಳಿ ಸೇತುವೆಯ ಮೇಲೆ ಸೈಕಲ್ಲಿಗೆ ಪ್ರವೇಶವಿಲ್ಲ, ಕೋಸ್ಟಲ್ ರಸ್ತೆಯಲ್ಲೂ ಇಲ್ಲ. ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಸೈಕಲ್ಲಿಗೆಂದು ದಾರಿ ಮಾಡಿದ್ದರು. 2025ರಲ್ಲಿ ಅದನ್ನು ತೆಗೆದು ರಸ್ತೆ ಅಗಲಿಸಲು ನಿಶ್ಚಯಿಸಿದರು.

ದೊಡ್ಡ ಕೆಲಸ ಪಾಲಿಕೆಯದು, ಸರಕಾರದ್ದು. ಆದರೆ ನಮ್ಮ ಸಂಸಾರಗಳಿಂದ ಆಗುವುದೂ ಸ್ವಲ್ಪ ಇದೆ. ಮನೆಯ ಮುಂದಿನ ರಸ್ತೆಯ ಹೊಂಡ, ತೆರೆದ ಮ್ಯಾನ್‌ಹೋಲು ಕಂಡರೆ ಗೊಣಗಿ ಸುಮ್ಮನಾಗದೆ ಪಾಲಿಕೆಯ 1916 ನಂಬರಿಗೆ ಫೋನು ಮಾಡಬಹುದು. ಸೊಸೈಟಿಯ ಸಭೆಯಲ್ಲಿ ಕಾರಿನ ಜಾಗಕ್ಕಾಗಿ ವಾದಿಸುವಾಗ ನಾಲ್ಕು ಸೈಕಲ್ಲಿಗೆ ಒಂದು ಮಾಡು ಬೇಕೆಂದೂ ಹೇಳಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮಲ್ಲಿ ಕಾರುಳ್ಳವರು ಮಳೆಯಲ್ಲಿ ಸೈಕಲ್ಲಿನವನ ಪಕ್ಕದಿಂದ ಹೋಗುವಾಗ ವೇಗ ಇಳಿಸಿ ಒಂದು ಗಜ ದೂರ ಬಿಡಬಹುದು. ಹೊಂಡ ತಪ್ಪಿಸಲು ಅವನು ತಟ್ಟನೆ ಬಲಕ್ಕೆ ಬರಬೇಕಾದೀತು. ಕೆಸರು ಹಾರಿದರೆ ಅವನ ಅಂಗಿ ಮಾತ್ರ ಕೆಡುವುದಿಲ್ಲ, ಕ್ಯಾರಿಯರಿನ ಪಾವೂ ಡಬ್ಬಿಯೂ ಕೆಡುತ್ತವೆ. ನಮ್ಮ ಬೆಳಗಿನ ಹಾಲು ಆ ಸೈಕಲ್ಲಿನಲ್ಲೇ ಬರುತ್ತದೆ ಎಂಬುದನ್ನು ನೆನಪಿಟ್ಟರೆ ಸಾಕು.