ಮನೆಯಲ್ಲೇ ಕಲಿಸುವುದಾದರೆ ಯಾವ ಪಠ್ಯಕ್ರಮ?

ಪವಿತ್ರ ಕುರ್‌ಆನಿನ 31ನೇ ಅಧ್ಯಾಯದಲ್ಲಿ ಲುಕ್ಮಾನರು ತಮ್ಮ ಮಗನಿಗೆ ಉಪದೇಶಿಸುವ ಪ್ರಸಂಗವಿದೆ. ಅಲ್ಲಿ ಮೊದಲು ಬರುವುದು ತೌಹೀದ್. ಆಮೇಲೆ ಹೆತ್ತವರ ಹಕ್ಕು, ನಮಾಝ್, ಸಹನೆ. ಕೊನೆಗೆ ನಡೆಯಲ್ಲೂ ನುಡಿಯಲ್ಲೂ ವಿನಯ. ಮನೆಯೇ ಮೊದಲ ಶಾಲೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಆದರೆ ಮೊದಲ ಶಾಲೆಯೇ ಏಕೈಕ ಶಾಲೆಯೂ ಆಗಬೇಕೇ? ಬಾಪೂಜಿ ನಗರದಂತಹ ನಮ್ಮ ಬಡಾವಣೆಗಳಲ್ಲಿ ಮಕ್ಕಳಿಗೆ ಮನೆಯಲ್ಲೇ ಕಲಿಸಲು ಯೋಚಿಸುವ ಹೆತ್ತವರು ಪುಸ್ತಕ ಕೊಳ್ಳುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಬೇಕು.

ಕರ್ಮಗಳು ನಿಯ್ಯತ್ತಿನ ಮೇಲೆ ನಿಂತಿವೆ. ಹಿಫ್ಝ್ ಮಾಡುವ ಮಗುವಿಗೆ ಸಮಯ ಬೇಕು, ನಿಧಾನವಾಗಿ ಕಲಿಯುವ ಮಗುವಿಗೆ ಗಮನ ಬೇಕು ಎಂಬುದು ಒಂದು ಕಾರಣ. ಫೀಸು ಕಟ್ಟಲಾಗದು ಎಂಬುದು ಇನ್ನೊಂದು. ಎರಡನೆಯದೇ ಕಾರಣವಾಗಿದ್ದರೆ ಸರಕಾರಿ ಶಾಲೆ ಇದೆ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೌಲಾನಾ ಆಝಾದ್ ಮಾದರಿ ಶಾಲೆಗಳಿವೆ. ಮೊದಲು ಆ ಬಾಗಿಲು ತಟ್ಟಿ. ಮೂರನೆಯ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಹುಡುಗಿ ದೊಡ್ಡವಳಾದಳು, ಇನ್ನು ಶಾಲೆ ಸಾಕು. ಇದಕ್ಕೆ ಮನೆಶಿಕ್ಷಣ ಎಂದು ಹೆಸರಿಡಬೇಡಿ. ಅದು ಶಾಲೆ ಬಿಡಿಸುವುದು.

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಎನ್ನುತ್ತದೆ. ಮನೆಶಿಕ್ಷಣದ ಪ್ರಸ್ತಾಪವೇ ಅದರಲ್ಲಿಲ್ಲ. ಆದ್ದರಿಂದ ಈ ದಾರಿ ಹಿಡಿದವರು ಮಗು ಕಲಿಯುತ್ತಿದೆ ಎಂಬುದಕ್ಕೆ ಪುರಾವೆ ಇಟ್ಟುಕೊಳ್ಳಬೇಕು: ದಿನಚರಿ, ನೋಟ್‌ಬುಕ್, ವರ್ಷಕ್ಕೊಮ್ಮೆ ಮನೆಯಲ್ಲೇ ನಡೆಸಿದ ಪರೀಕ್ಷೆಯ ಉತ್ತರ ಪತ್ರಿಕೆ. ಮನೆಪಾಠ ಸರಿಹೋಗದಿದ್ದರೆ ವಯಸ್ಸಿಗೆ ತಕ್ಕ ತರಗತಿಗೆ ಮರಳಿ ಸೇರುವ ಹಕ್ಕನ್ನೂ ಅದೇ ಕಾಯ್ದೆ ಮಗುವಿಗೆ ಕೊಟ್ಟಿದೆ.

ಇನ್ನು ಪಠ್ಯಕ್ರಮ. ಇದನ್ನು ಕೊನೆಯಿಂದ ಹಿಂದಕ್ಕೆ ಆರಿಸಬೇಕು. ಹತ್ತನೇ ತರಗತಿಯ ಪ್ರಮಾಣಪತ್ರ ಎಲ್ಲಿಂದ ಬರಬೇಕು ಎಂಬುದು ಮೊದಲು ತೀರ್ಮಾನವಾಗಲಿ.

ಒಂದು ದಾರಿ, ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಓಎಸ್. 1989ರಲ್ಲಿ ಆರಂಭವಾದ ಕೇಂದ್ರ ಸರಕಾರದ ಈ ಸಂಸ್ಥೆಯಲ್ಲಿ 14 ತುಂಬಿದವರು ಹತ್ತನೇ ತರಗತಿಗೆ ಸೇರಬಹುದು. ಐದು ವಿಷಯ ಪಾಸಾಗಬೇಕು, ಅದರಲ್ಲಿ ಕನಿಷ್ಠ ಒಂದು ಭಾಷೆ ಇರಬೇಕು. ಕನ್ನಡ, ಉರ್ದು, ಅರಬಿ ಮೂರೂ ಭಾಷೆಗಳ ಪಟ್ಟಿಯಲ್ಲಿವೆ. ವರ್ಷಕ್ಕೆರಡು ಬಾರಿ ಪರೀಕ್ಷೆ. ಐದು ವರ್ಷಗಳಲ್ಲಿ ಒಂಬತ್ತು ಅವಕಾಶ. ಎಚ್ಚರ ವಹಿಸಬೇಕಾದ ಅಂಶವೊಂದಿದೆ: ಇಲ್ಲಿ ಗಣಿತ, ವಿಜ್ಞಾನ ಬಿಟ್ಟೂ ಪಾಸಾಗಬಹುದು. ಸುಲಭವೆಂದು ಹಾಗೆ ಮಾಡಿದರೆ ಮುಂದೆ ಪಿಯುಸಿಯಲ್ಲಿ ವಿಜ್ಞಾನ ಓದುವ ಆಸೆ ಕೈಗೂಡುವುದು ಕಷ್ಟ.

ಎರಡನೆಯ ದಾರಿ, ಖಾಸಗಿ ಅಭ್ಯರ್ಥಿಯಾಗಿ ರಾಜ್ಯದ ಎಸ್ಸೆಸ್ಸೆಲ್ಸಿ. ಮೂರನೆಯದು ಕೇಂಬ್ರಿಜ್ ಪರೀಕ್ಷೆ. ಅದಕ್ಕೆ ವಿಷಯವೊಂದಕ್ಕೆ ಇಷ್ಟೆಂದು ದುಬಾರಿ ಶುಲ್ಕವಿದೆ. ಸಾಲ ಮಾಡಿ ಹೋಗುವ ದಾರಿ ಅದಲ್ಲ.

ಗುರಿ ಗೊತ್ತಾದರೆ ಕೆಳಗಿನ ತರಗತಿಗಳ ಪುಸ್ತಕ ತಾನೇ ನಿಶ್ಚಯವಾಗುತ್ತದೆ. ಎಸ್ಸೆಸ್ಸೆಲ್ಸಿ ಬರೆಸುವವರಿಗೆ ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳಿವೆ. ಕನ್ನಡ, ಉರ್ದು, ಇಂಗ್ಲಿಷ್ ಮಾಧ್ಯಮಗಳಲ್ಲಿ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಎನ್‌ಸಿಇಆರ್‌ಟಿ ಪುಸ್ತಕಗಳೂ ಹಾಗೆಯೇ. ಸಾವಿರಾರು ರೂಪಾಯಿಯ ವಿದೇಶಿ ‘ಇಸ್ಲಾಮಿಕ್ ಕಿಟ್’ ಇಲ್ಲದಿದ್ದರೆ ದೀನ್ ಕಲಿಸಲಾಗದು ಎಂದೇನಿಲ್ಲ. ಬದ್ರ್‌ನ ಸೆರೆಯಾಳುಗಳಲ್ಲಿ ಅಕ್ಷರ ಬಲ್ಲವರಿಗೆ ಮದೀನಾದ ಮಕ್ಕಳಿಗೆ ಓದುಬರಹ ಕಲಿಸುವುದನ್ನೇ ಪ್ರವಾದಿ(ಸ)ರು ಬಿಡುಗಡೆಯ ಪರಿಹಾರವಾಗಿ ಒಪ್ಪಿದರೆಂದು ಸೀರಾ ಗ್ರಂಥಗಳು ಹೇಳುತ್ತವೆ. ಆ ಶಿಕ್ಷಕರು ಮುಸ್ಲಿಮರಾಗಿರಲಿಲ್ಲ. ಗಣಿತ ಎಲ್ಲಿಂದ ಬಂದರೂ ಗಣಿತವೇ. ಝೈದ್ ಬಿನ್ ಸಾಬಿತ್(ರ)ರಿಗೆ ಪ್ರವಾದಿ(ಸ)ರು ಪರಭಾಷೆ ಕಲಿಯಲು ಹೇಳಿದ್ದರು. ನಾವು ಬದುಕುವ ನಾಡಿನ ಕನ್ನಡವನ್ನು ನಮ್ಮ ಮಕ್ಕಳು ಓದಿ ಬರೆಯಲಾರರೆಂದರೆ ಏನು ಹೇಳೋಣ?

ಕೊನೆಯ ಪ್ರಶ್ನೆ, ಕಲಿಸುವವರು ಯಾರು? ಮನೆಗೆಲಸ ಮುಗಿಸಿ ತಾಯಿಯೊಬ್ಬಳೇ ಐದು ವಿಷಯ ಕಲಿಸಬೇಕಾದರೆ ಪುಸ್ತಕ ಎಷ್ಟು ಚೆನ್ನಾಗಿದ್ದರೂ ಸಾಗದು. ತಾಯಿ ಯಾವ ಭಾಷೆಯಲ್ಲಿ ನಿರಾಯಾಸವಾಗಿ ಓದಬಲ್ಲಳೋ ಆ ಮಾಧ್ಯಮವನ್ನೇ ಆರಿಸಿ. ತಂದೆ ಇಶಾ ನಂತರ ಅರ್ಧ ಗಂಟೆ ಗಣಿತಕ್ಕೆ ಕೂರಲಿ. ನಾಲ್ಕು ಮನೆಯವರು ಸೇರಿ ವಾರಕ್ಕೆರಡು ದಿನ ಮಕ್ಕಳನ್ನು ಒಟ್ಟಿಗೆ ಕೂರಿಸಿದರೆ ಅವರಿಗೆ ಜೊತೆಗಾರರೂ ಸಿಗುತ್ತಾರೆ. ಪರಿಸರ ಪಾಠಕ್ಕೆ ಮೈಸೂರು ರಸ್ತೆಯ ಬದಿಯಲ್ಲಿ ಹರಿಯುವ ವೃಷಭಾವತಿಯನ್ನು ತೋರಿಸಿ. ಅದು ಅರ್ಕಾವತಿಯ ಮೂಲಕ ಕಾವೇರಿ ಸೇರುತ್ತದೆ. ನೀರು ಅಲ್ಲಾಹನ ಅಮಾನತ್ತು ಎಂಬ ಪಾಠವನ್ನೂ ಅದರ ದಡದಲ್ಲೇ ನಿಂತು ಹೇಳಬಹುದು.

ಮೂರು ತಿಂಗಳು ಪ್ರಯತ್ನಿಸಿ ನೋಡಿ. ಮಗು ಮುಂದೆ ಸಾಗದಿದ್ದರೆ ಶಾಲೆಗೆ ಸೇರಿಸಿ, ಅದು ಸೋಲಲ್ಲ. ಪ್ರತಿಯೊಬ್ಬರೂ ತಮ್ಮ ಹೊಣೆಯಲ್ಲಿರುವವರ ಬಗ್ಗೆ ವಿಚಾರಿಸಲ್ಪಡುವರೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಹದಿನಾರನೇ ವಯಸ್ಸಿಗೆ ಕೈಯಲ್ಲಿ ಪ್ರಮಾಣಪತ್ರವೂ ಇಲ್ಲದೆ, ತಲೆಯಲ್ಲಿ ವಿದ್ಯೆಯೂ ಇಲ್ಲದೆ ನಿಂತ ಮಗ ಅಥವಾ ಮಗಳು ಆ ವಿಚಾರಣೆಯನ್ನು ಇಹಲೋಕದಲ್ಲೇ ಆರಂಭಿಸಬಹುದು. ಅಂಥ ದಿನ ಬಾರದಂತೆ ಅಲ್ಲಾಹನು ನಮ್ಮನ್ನು ಕಾಪಾಡಲಿ. ಆಮೀನ್.